ಒಂದೇ ಸಲ ಕೇಳುವ ಪಾಠ

ವಾಡಿಯ ಸಿಮೆಂಟ್ ಕಾರ್ಖಾನೆಗೆ ತರಬೇತಿಗೆ ಬಂದ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪರದೇಶದ ರೀತಿ-ರಿವಾಜು ಕಲಿಸುವ ಕೆಲಸ ನನ್ನದು. "ಅಲ್ಲಿ ಊಟ, ಚಹಾ ಒಂದೇ ಸಲ ಕೇಳ್ತಾರ. ಬ್ಯಾಡ ಅಂದ್ರ ಮುಗೀತು. ನೀವೂ ಯಾರಿಗೂ ಒತ್ತಾಯ ಮಾಡಬ್ಯಾಡ್ರಿ" ಅಂತ ತಿದ್ದಿ ತೀಡಿದ್ದೆ.

ಹೊರದೇಶದ ಕೆಲಸಕ್ಕೆ ಆರಿಸಲು ಜರ್ಮನಿಯ ಇಂಜಿನಿಯರ್ ಒಬ್ಬರು ಬಂದರು. ವಿದ್ಯಾರ್ಥಿನಿ ಮಹಾದೇವಿ ಮಂಡಕ್ಕಿ ಒಗ್ಗರಣೆ ಹಾಕಿದ ಬಿಸಿ ಸುಸಲಾದ ತಟ್ಟೆ ಹಿಡಿದು, ಬೇಕೇ ಎಂದು ಕೇಳಿದಳು. ಅವರು ನಕ್ಕು ಬೇಡವೆಂದರು. ಅವಳು ತಟ್ಟೆಯೊಂದಿಗೆ ಹೊರಟೇಬಿಟ್ಟಳು. ನನಗೆ ಭಾಳ ಹೆಮ್ಮೆ.

ಅವರು ಬಾಗಿಲನ್ನೇ ನೋಡುತ್ತ ನನ್ನನ್ನು ಮೆಲ್ಲಗೆ ಕೇಳಿದರು: "ಇಲ್ಲಿ ಮೊದಲ ಸಲ ಬೇಡ ಅನ್ನಬೇಕೆಂದು ನನಗೆ ಕಲಿಸಿ ಕಳಿಸಿದ್ದಾರೆ. ಎರಡನೇ ಸಲ ಯಾವಾಗ ಕೇಳುತ್ತಾರೆ?"

"ಮಹಾದೇವಿ, ಸುಸಲಾ ತಗೊಂಡ್ ಬಾರವಾ!" ಎಂದು ಕೂಗಿದೆ.

"ಖಾಲಿ ಆಯ್ತ್ರಿ ಸರ್!"

ಅವಳೇ ಆಯ್ಕೆಯಾದಳು, ಅದು ಬೇರೆ ಮಾತು. ಸುಸಲಾ ವರಾಂಡದಲ್ಲಿದ್ದ ಹುಡುಗರು ಮುಗಿಸಿದ್ದರು. ಅವರನ್ನು ಯಾರೂ ಒಂದು ಸಲವೂ ಕೇಳಿರಲಿಲ್ಲ.