ಸಡಿಲಾದ ಉಡದಾರ

ಗಂಗಾವತಿಯ ಆಸ್ಪತ್ರೆಯಲ್ಲಿ ಹೊಟ್ಟೆಯ ಅಳತೆಗೆ ಟೇಪು ಸುತ್ತುತ್ತಿದ್ದ ಡಾಕ್ಟರಮ್ಮ, ಬೊಜ್ಜಿನೊಳಗೆ ಹೂತುಹೋಗಿದ್ದ ನನ್ನ ಉಡದಾರ ಕಂಡು ನಿಂತರು.

"ಇದನ್ನ ಎಷ್ಟ್ ಸಲ ಬದ್ಲಿ ಮಾಡೀರಿ?"

"ಬಿಗಿ ಆತಂತ ಎರಡ ವರ್ಷದಾಗ ಮೂರು ಸಲ ರೀ," ಅಂದೆ, ತುಸು ಹೆಮ್ಮೆಯಿಂದಲೇ.

ನಾನು ಹೋಗಿದ್ದು ಬಿಪಿ ಗುಳಿಗೆಗೆ. ಅವರು ಸಕ್ಕರೆ, ಕೊಬ್ಬಿನ ರಕ್ತಪರೀಕ್ಷೆಯನ್ನೂ ಮಾಡಿಸಿದರು. ಎರಡೂ ಏರಿದ್ದವು.

"ಹೊಟ್ಟ್ಯಾಗ ಬೊಜ್ಜು ಕುಂತ್ರ ಮೈ ಇನ್ಸುಲಿನ್ ಮಾತು ಕೇಳೂದಿಲ್ರಿ. ರಕ್ತದಾಗ ಸಕ್ಕರಿ, ಕೊಬ್ಬು ಏರತಾವು, ಅದರ ಜೋಡಿ ಬಿಪಿನೂ ಏರತೈತಿ. ಬರೇ ಗುಳಿಗಿ ಸಾಲೂದಿಲ್ಲ, ಈ ದಾರ ಸಡ್ಲ ಆಗಬೇಕ್ರಿ."

ಆ 'ಸಡ್ಲ' ಅನ್ನುವ ಮಾತಿಗೆ ಅವ್ವ ನೆನಪಾದಳು. ನಮ್ಮೂರು ತಳಕಲ್ಲಿನ ಮನೆಯಲ್ಲಿ ಸಣ್ಣವನಿದ್ದಾಗ ನಾನು ಕಡ್ಡಿಯಂತಿದ್ದೆ. ಉಣ್ಣಲು ಕೂತರೆ ಅವ್ವ ಉಡದಾರದೊಳಗೆ ಬೆರಳು ತೂರಿಸಿ ನೋಡುವಳು. "ಇನ್ನೂ ಸಡ್ಲ ಐತಿ ನನ್ನಪ್ಪಾ, ಉಣ್ಣು" ಎಂದು ಬಿಸಿ ರೊಟ್ಟಿಯ ಮೇಲೆ ಮತ್ತೊಂದು ಚಮಚ ತುಪ್ಪ ಹಾಕುವಳು. ದಾರ ಬಿಗಿಯಾದ ದಿನ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಈಗ ದಿನಾ ನಡೆಯುತ್ತೇನೆ, ಊಟ ಹಿಡಿತದಲ್ಲಿದೆ. ಮೊನ್ನೆ ಜಳಕ ಮಾಡುವಾಗ ಉಡದಾರದೊಳಗೆ ಬೆರಳು ಸಲೀಸಾಗಿ ಹೋಯಿತು. ನನಗೆ ಖುಷಿಯೋ ಖುಷಿ. ಅವ್ವ ಇದ್ದಿದ್ದರೆ ತುಪ್ಪದ ಗಡಿಗೆ ತರಲು ಒಳಗೆ ಓಡುತ್ತಿದ್ದಳು.