ಟ್ರಂಕಿನಲ್ಲಿಟ್ಟ ರೂಟರ್

ತುಮಕೂರಿನ ಮಂಡಿಪೇಟೆಯಲ್ಲಿ ಪ್ರೆಸ್ ಇಟ್ಟುಕೊಂಡಿದ್ದ ಜಹೀರ್ ಅಹಮದರು ಯಾರನ್ನೂ ನಂಬುತ್ತಿರಲಿಲ್ಲ. ಅದು ಅವರ ದುರ್ಗುಣವೆಂದು ಹೇಳುವವರು, ಅದೇ ಅವರ ಕಸುಬು ಎಂಬುದನ್ನು ಮರೆಯುತ್ತಿದ್ದರು. ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳ ಇಪ್ಪತ್ತೆರಡು ಖಾಸಗಿ ಶಾಲೆಗಳು ಸೇರಿ ಮಾಡಿಕೊಂಡಿದ್ದ ಪರೀಕ್ಷಾ ಸಮಿತಿಯ ಪ್ರಶ್ನೆಪತ್ರಿಕೆಗಳು ಅವರಲ್ಲೇ ಅಚ್ಚಾಗುತ್ತಿದ್ದವು. ಹದಿನೇಳು ವರ್ಷಗಳಲ್ಲಿ ಒಂದು ಪ್ರಶ್ನೆಯೂ ಹೊರಗೆ ಹೋಗಿರಲಿಲ್ಲ.

ತೊಂಬತ್ತರ ದಶಕದಲ್ಲಿ, ಸೀಸದ ಅಚ್ಚುಮೊಳೆಗಳನ್ನು ಕೈಯಿಂದ ಜೋಡಿಸುತ್ತಿದ್ದ ಕಾಲದಲ್ಲಿ, ಪತ್ರಿಕೆಯ ಬೆಸಸಂಖ್ಯೆಯ ಪ್ರಶ್ನೆಗಳನ್ನು ಕಂಪೋಸಿಟರ್ ರುದ್ರಯ್ಯ ಜೋಡಿಸಿದರೆ ಸಮಸಂಖ್ಯೆಯವನ್ನು ಇನ್ನೊಬ್ಬ ಜೋಡಿಸಬೇಕಾಗಿತ್ತು. ಅಚ್ಚಾದ ಮೇಲೆ ಮೊಳೆಗಳನ್ನು ಬಿಚ್ಚಿ ಖಾನೆಗಳಿಗೆ ಹಾಕುವುದು ಜಹೀರ್ ಅಹಮದರ ಕಣ್ಣೆದುರೇ. ಕರಡು ಹಾಳೆಗಳನ್ನು ಚೀಲದಲ್ಲಿ ತುಂಬಿ ತಾವೇ ಮನೆಗೆ ಒಯ್ಯುತ್ತಿದ್ದರು. ಹೆಂಡತಿ ನಜೀರಾ ಅವನ್ನು ಹಂಡೆಯ ಒಲೆಗೆ ಹಾಕಿ ಸ್ನಾನದ ನೀರು ಕಾಯಿಸುತ್ತಿದ್ದಳು. "ಸಮಾಜ ಬೇಗ ಉರಿಯುತ್ತೆ, ಗಣಿತ ಬರೀ ಹೊಗೆ," ಎಂದು ನೆರೆಯವರ ಮುಂದೆ ನಗುತ್ತಿದ್ದಳು. ಕರಡು ತೆಗೆಯುವವರೆಗೆ ಮೂಲಪ್ರತಿ ಕಬ್ಬಿಣದ ಟ್ರಂಕಿನಲ್ಲಿ ಇರುತ್ತಿತ್ತು. ಟ್ರಂಕಿನ ಕೀಲಿ ಜಹೀರ್ ಅಹಮದರ ಸೊಂಟದಲ್ಲಿ.

ಕಂಪ್ಯೂಟರ್ ಬಂದ ಮೇಲೂ ನಿಯಮಗಳು ಹೋಗಲಿಲ್ಲ. ಯಾರಾದರೂ ಪಾಸ್‌ವರ್ಡ್ ಒತ್ತುವಾಗ ಉಳಿದವರು ಗೋಡೆಯ ಕಡೆ ತಿರುಗಬೇಕು. ಒತ್ತುವವರು ಎಡಗೈಯಿಂದ ಕೀಲಿಮಣೆ ಮರೆಮಾಡಬೇಕು. ಗಣಿತದ ಭಿನ್ನರಾಶಿ, ವಿಜ್ಞಾನದ ಚಿತ್ರ ಎಲ್ಲವನ್ನೂ ತಪ್ಪಿಲ್ಲದೆ ಕೂರಿಸಬಲ್ಲವಳು ತ್ರಿವೇಣಿ ಒಬ್ಬಳೇ. ಎಂಟು ವರ್ಷ ಅಲ್ಲಿ ಕೆಲಸ ಮಾಡಿದ್ದಳು. 2007ರ ಕೊನೆಯಲ್ಲಿ ಅವಳನ್ನು ಕುಣಿಗಲ್ಲಿಗೆ ಮದುವೆ ಮಾಡಿ ಕೊಟ್ಟರು. ವಾರ್ಷಿಕ ಪರೀಕ್ಷೆಗೆ ಮೂರು ತಿಂಗಳಿತ್ತು. ದಿನವೂ ಬಸ್ಸಿನಲ್ಲಿ ಬರಲು ಅತ್ತೆಮನೆಯವರು ಒಪ್ಪಲಿಲ್ಲ. ಅವಳ ಜಾಗಕ್ಕೆ ಹೊಸಬರನ್ನು ತರಲು ಜಹೀರ್ ಅಹಮದರು ಒಪ್ಪಲಿಲ್ಲ.

ಗುಬ್ಬಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಅಂಜನ್ ದಾರಿ ತೋರಿಸಿದ.

"ಸಾಬ್ರೇ, ನಿಮ್ಮ ರೂಟರ್‌ನೇ ವಿಪಿಎನ್ ಸರ್ವರ್ ಮಾಡ್ಬಹುದು. ತ್ರಿವೇಣಕ್ಕ ಕುಣಿಗಲ್ಲಲ್ಲಿ ಕೂತ್ಕೊಂಡು ಹೆಸರು, ಪಾಸ್‌ವರ್ಡ್ ಕೊಟ್ರೆ ಇಲ್ಲಿರೋ ಕಂಪ್ಯೂಟರ್ ಒಳಗೇ ಬಂದಂಗೆ. ಫೈಲ್ ಇಲ್ಲೇ ಇರ್ತದೆ. ಮಧ್ಯದಲ್ಲಿ ಯಾರಿಗೂ ಕಾಣಲ್ಲ. ಸುರಂಗ ಇದ್ದಂಗೆ."

"ಇಷ್ಟು ವರ್ಷ ತೂತು ಮುಚ್ಚಿಕೊಂಡು ಬಂದಿದೀನಿ. ನೀನು ಸುರಂಗ ತೋಡ್ತೀನಿ ಅಂತೀಯಲ್ಲಪ್ಪ."

"ಯಾರು ಯಾವಾಗ ಬಂದ್ರು, ಯಾವಾಗ ಹೋದ್ರು ಅಂತ ರೂಟರ್ ಬರ್ದಿಡ್ತದೆ. ದಿನಾ ನೀವೇ ನೋಡ್ಕೋಬಹುದು."

ಆ ಮಾತಿಗೇ ಜಹೀರ್ ಅಹಮದರು ಒಪ್ಪಿದ್ದು. ಅಂಜನ್ ಅರ್ಧ ದಿನ ಕೂತು ರೂಟರನ್ನು ಸಜ್ಜು ಮಾಡಿದ. ತ್ರಿವೇಣಿಯ ಹೆಸರು ಹಾಕಿದ, ಪಾಸ್‌ವರ್ಡ್ ಇಟ್ಟ, ದಾಖಲೆ ನೋಡುವ ಪುಟ ತೋರಿಸಿಕೊಟ್ಟ. ರಾತ್ರಿ ರೂಟರನ್ನು ಏನು ಮಾಡಬೇಕೆಂದು ಅವನು ಹೇಳಲಿಲ್ಲ, ಇವರು ಕೇಳಲಿಲ್ಲ. ಅಂದು ಸಂಜೆ ಬಾಗಿಲು ಹಾಕುವಾಗ ಜಹೀರ್ ಅಹಮದರು ರೂಟರಿನ ವೈರು ಕಿತ್ತು, ಅದನ್ನು ಒರೆಸಿ, ಪ್ರಶ್ನೆಪತ್ರಿಕೆಗಳ ಜೊತೆಗೆ ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. ಬಾಗಿಲು ಎಂದ ಮೇಲೆ ರಾತ್ರಿ ಮುಚ್ಚಬೇಕು. ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ತೆಗೆದು ಮತ್ತೆ ಹಚ್ಚುತ್ತಿದ್ದರು.

ಹಾಗೆ ಹಚ್ಚಿದಾಗಲೆಲ್ಲ ಅಂಗಡಿಯ ಇಂಟರ್‌ನೆಟ್ ವಿಳಾಸದ ಸಂಖ್ಯೆ ಬದಲಾಗುತ್ತಿತ್ತು. ಅದನ್ನು ತ್ರಿವೇಣಿಗೆ ದಿನವೂ ತಿಳಿಸಬೇಕು. ಅರ್ಧ ಸಂಖ್ಯೆಯನ್ನು ಅಂಗಡಿಯ ಫೋನಿನಿಂದ, ಉಳಿದರ್ಧವನ್ನು ಬೀದಿಯ ತುದಿಗೆ ಹೋಗಿ ಮೊಬೈಲಿನಿಂದ ಹೇಳುತ್ತಿದ್ದರು.

ಫೆಬ್ರವರಿಯಲ್ಲಿ ಕೆಲಸ ಶುರುವಾಯಿತು. ಪ್ರತಿ ಸಂಜೆ ರೂಟರನ್ನು ಆರಿಸುವ ಮೊದಲು ಜಹೀರ್ ಅಹಮದರು ದಾಖಲೆಯ ಪುಟ ತೆರೆದು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದರು. ತಾರೀಖಿನ ಜಾಗದಲ್ಲಿ ದಿನವೂ ಜನವರಿ ಒಂದು ಎಂದೇ ಇರುತ್ತಿತ್ತು. ಹೊರದೇಶದ ರೂಟರಿಗೆ ಇಲ್ಲಿಯ ತಾರೀಖು ಹೇಗೆ ಗೊತ್ತಾಗಬೇಕು ಎಂದು ಅದನ್ನು ಬಿಟ್ಟು, ಗಂಟೆ ಮಾತ್ರ ಬರೆದುಕೊಂಡರು. ತ್ರಿವೇಣಿ ಒಳಗೆ ಬಂದದ್ದು 02:05, ಹೋದದ್ದು 03:20. ಮರುದಿನ 02:10, 03:15. ಮತ್ತೊಂದು ದಿನವೂ ಹಾಗೆಯೇ.

ಅವರು ಪುಟ ತಿರುಗಿಸಿ ಮತ್ತೆ ನೋಡಿದರು. ರಾತ್ರಿ ಎರಡಕ್ಕೆ ರೂಟರ್ ಟ್ರಂಕಿನಲ್ಲಿರುತ್ತದೆ, ಹಾಗಾದರೆ ಇದು ಮಧ್ಯಾಹ್ನದ ಎರಡು. ಮಧ್ಯಾಹ್ನ ಒಂದೂವರೆಗೆ ಅಂಗಡಿ ಮುಚ್ಚಿ ನಮಾಜು, ಊಟ ಮುಗಿಸಿ ಮೂರೂವರೆಗೆ ತೆಗೆಯುವುದು ಅವರ ಕ್ರಮ. ಅಂದರೆ ತಾವು ಇಲ್ಲದಾಗ ನೋಡಿ ಬರುತ್ತಾಳೆ, ತಾವು ಬರುವ ಹೊತ್ತಿಗೆ ಹೋಗಿರುತ್ತಾಳೆ. ಆದರೆ ಬೆಳಿಗ್ಗೆ ಹನ್ನೊಂದೂವರೆಗೆ ಫೋನ್ ಮಾಡಿದರೆ "ಫೈಲ್ ತೆಗ್ದಿದೀನಿ ಸಾರ್, ಕೆಲ್ಸ ಮಾಡ್ತಿದೀನಿ" ಎನ್ನುತ್ತಾಳೆ. ಆ ಹೊತ್ತಿನಲ್ಲಿ ಅವಳು ಬಂದ ಗುರುತೇ ದಾಖಲೆಯಲ್ಲಿಲ್ಲ.

ಸುಳ್ಳು ಯಾಕೆ ಹೇಳುತ್ತಾಳೆ? ಮಧ್ಯಾಹ್ನ ಅವಳ ಪಕ್ಕದಲ್ಲಿ ಕೂರುವವರು ಯಾರು? ಗಂಡನ ಅಣ್ಣ ಟ್ಯೂಷನ್ ಹೇಳುತ್ತಾನೆಂದು ಮದುವೆಯ ದಿನ ಯಾರೋ ಅಂದದ್ದು ಅವರಿಗೆ ಈಗ ನೆನಪಾಯಿತು. ಕೇಳಿಬಿಡಬಹುದಿತ್ತು. ಕೇಳಿದರೆ ಕಳ್ಳರು ಎಚ್ಚರವಾಗುತ್ತಾರೆಂದು ಕೇಳಲಿಲ್ಲ. ಒಂಬತ್ತು ದಿನ ಬರೆದುಕೊಂಡರು. ಹತ್ತನೆಯ ದಿನ ಸಮಿತಿಯ ಕಾರ್ಯದರ್ಶಿ, ಚೇಳೂರಿನ ನಿವೃತ್ತ ಹೆಡ್‌ಮಾಸ್ಟರ್ ಚನ್ನವೀರಯ್ಯನವರಿಗೆ ಪತ್ರ ಹಾಕಿದರು: ಗಣಿತ ಮತ್ತು ವಿಜ್ಞಾನದ ಪತ್ರಿಕೆಗಳು ಸೋರಿರುವ ಶಂಕೆ ಇದೆ, ಕುಣಿಗಲ್ಲಿನ ತ್ರಿವೇಣಿ ಎಂಬಾಕೆಯನ್ನು ಕೆಲಸದಿಂದ ನಿಲ್ಲಿಸಿದ್ದೇನೆ.

ಪತ್ರ ಹಾಕಿದ ಮೂರನೆಯ ದಿನ ಚನ್ನವೀರಯ್ಯನವರು ಪ್ರೆಸ್ಸಿಗೆ ಬಂದರು. ವಿಚಾರಣೆಯೆಂದು ತ್ರಿವೇಣಿಯನ್ನೂ ಅಂಜನ್‌ನನ್ನೂ ಕರೆಸಿದ್ದರು. ಹನ್ನೊಂದೂವರೆಗೆ ತ್ರಿವೇಣಿ ಬಂದಳು. ಹಿಂದೆಯೇ ಅವಳ ಅತ್ತೆ ದೊಡ್ಡಗಂಗಮ್ಮ. ಬಂದವಳೇ ಬೆಂಚಿನ ಮೇಲೆ ಕೂತು ಎಲೆ ಅಡಿಕೆಯ ಚೀಲ ಬಿಚ್ಚಿದಳು.

"ನಮ್ಮ ಸೊಸೆ ಕಳ್ಳಿ ಅಂತ ಕಾಗ್ದ ಬರ್ದೋರು ಯಾರು? ಮಕ ನೋಡ್ಬೇಕಿತ್ತು."

"ನಾನೇ ಕಣಮ್ಮ," ಎಂದರು ಜಹೀರ್ ಅಹಮದರು. ನೋಟ್‌ಬುಕ್ ತೆರೆದು ಗಂಟೆಗಳನ್ನು ಒಂದೊಂದಾಗಿ ಓದಿದರು.

ತ್ರಿವೇಣಿಯ ಮುಖ ಕೆಂಪಾಯಿತು. "ನಾನು ಹನ್ನೊಂದಕ್ಕೆ ಕೂತ್ಕೋತೀನಿ ಸಾರ್, ಹನ್ನೆರಡೂವರೆಗೆ ಏಳ್ತೀನಿ. ಎರಡು ಗಂಟೆಗೆ ನಾನು ಬಂದೇ ಇಲ್ಲ."

"ರೂಟರ್ ಸುಳ್ಳು ಹೇಳ್ತದಾ?"

"ನಾನು ಹೇಳ್ತೀನಾ ಹಂಗಾದ್ರೆ? ಎಂಟು ವರ್ಷದಲ್ಲಿ ಎಷ್ಟು ಹೇಳಿದೀನಿ?"

ದೊಡ್ಡಗಂಗಮ್ಮ ಎಲೆಗೆ ಸುಣ್ಣ ಸವರುತ್ತ ಕೇಳಿದಳು: "ಯಾವೊತ್ತು ಅಂದ್ರಿ? ಎಲ್ಡು ಗಂಟೆ? ಒಂದರಿಂದ ನಾಕರಗಂಟ ನಮ್ಮ ಬೀದೀಲಿ ಕರೆಂಟೇ ಇರಾಕಿಲ್ಲ. ತಿಂಗ್ಳಾತು. ಅದ್ಕೇ ಇವ್ಳು ಬೆಳಗ್ಗೆ ಅಡಿಗೆ ನನ್ನ ತಲೆಗೆ ಕಟ್ಟಿ ಆ ಮಿಶನ್ ಮುಂದೆ ಕುಂತ್ಕಳೋದು. ಕರೆಂಟಿಲ್ದೆ ಕಳ್ಳತನ ಮಾಡಾಕೆ ಅದೇನು ಕನ್ನ ಹಾಕೋ ಗುದ್ಲೀನಾ? ಬುಡು."

ಚನ್ನವೀರಯ್ಯನವರು ತಲೆದೂಗಿದರು. ಸಮಿತಿಯ ಶಾಲೆಗಳಿಗೆ ಓಡಾಡುತ್ತಿದ್ದ ಅವರಿಗೆ ಕುಣಿಗಲ್ಲಿನ ಕರೆಂಟಿನ ಗತಿ ಗೊತ್ತಿತ್ತು. ಜಹೀರ್ ಅಹಮದರ ಕಣ್ಣು ಮೆಲ್ಲಗೆ ಅಂಜನ್ ಕಡೆ ತಿರುಗಿತು. ಅವಳಲ್ಲದಿದ್ದರೆ ಪಾಸ್‌ವರ್ಡ್ ಗೊತ್ತಿರುವವನು ಅವನೊಬ್ಬನೇ.

"ನನ್ನ ಯಾಕೆ ಹಂಗೆ ನೋಡ್ತೀರಾ ಸಾಬ್ರೇ?" ಅಂಜನ್ ಎದ್ದು ಕಂಪ್ಯೂಟರಿನ ಮುಂದೆ ಕೂತು ರೂಟರಿನ ಪುಟ ತೆರೆದ. ಎಲ್ಲರೂ ನೋಡುವಂತೆ ಪರದೆಯ ಮೂಲೆಗೆ ಬೆರಳಿಟ್ಟ. ರೂಟರಿನ ಗಡಿಯಾರ 02:30 ಎನ್ನುತ್ತಿತ್ತು. ಅವನು ತಲೆಯೆತ್ತಿ ಗೋಡೆಯ ಗಡಿಯಾರ ನೋಡಿದ. ಹನ್ನೊಂದೂ ನಲವತ್ತು.

"ಬೆಳಿಗ್ಗೆ ಎಷ್ಟೊತ್ತಿಗೆ ಆನ್ ಮಾಡಿದ್ರಿ?"

"ಒಂಬತ್ತೂ ಹತ್ತಕ್ಕೆ. ದಿನಾ ಒಂಬತ್ತೂ ಹತ್ತಕ್ಕೇ."

"ದಿನಾ ಆನ್ ಮಾಡ್ತೀರಾ? ರಾತ್ರಿ ಎಲ್ಲಿರ್ತದೆ?"

"ಟ್ರಂಕಲ್ಲಿ."

ಅಂಜನ್ ಕುರ್ಚಿಯನ್ನು ಅವರ ಕಡೆ ತಿರುಗಿಸಿದ. "ವೈರು ಕಿತ್ರೆ ಅದರ ಗಡಿಯಾರ ನಿಂತೋಗ್ತದೆ ಸಾಬ್ರೇ. ಮತ್ತೆ ಹಚ್ದಾಗ ಜನವರಿ ಒಂದನೇ ತಾರೀಖು, ಸೊನ್ನೆ ಗಂಟೆಯಿಂದ ಎಣಿಸ್ತದೆ. ಒಂಬತ್ತೂ ಹತ್ತಕ್ಕೆ ಸೊನ್ನೆ ಆದ್ರೆ ಹನ್ನೊಂದೂ ಕಾಲಿಗೆ ಎರಡೂ ಐದು. ಅಕ್ಕ ಹೇಳಿದ ಟೈಮ್‌ಗೇ ಬಂದವ್ರೆ. ಟೈಮ್ ಸರಿ ಮಾಡೋದು ನಾನೂ ಮರ್ತಿದ್ದೆ. ಟ್ರಂಕಲ್ಲಿಡ್ತೀರಿ ಅಂತ ಕನಸು ಬಿದ್ದಿರ್ಲಿಲ್ಲ."

ಜಹೀರ್ ಅಹಮದರು ನಂಬಲಿಲ್ಲ. ತಾವೇ ವೈರು ಕಿತ್ತು ಮತ್ತೆ ಸಿಕ್ಕಿಸಿದರು. ಪುಟ ತೆರೆದಾಗ 00:02 ಎಂದಿತ್ತು. ನೋಟ್‌ಬುಕ್ಕಿನ ಪ್ರತಿ ಸಾಲಿಗೂ ಬೆರಳಿಟ್ಟು ಒಂಬತ್ತೂ ಹತ್ತನ್ನು ಕೂಡಿಸಿ ನೋಡಿದರು. ಕೊನೆಯ ಸಾಲಿನವರೆಗೂ ತ್ರಿವೇಣಿ ಹೇಳಿದ ಹೊತ್ತೇ ಬಂತು.

"ಹೋಗ್ಲಿ, ತಿಳೀದೆ ಆಗಿದೆ," ಎಂದರು ಚನ್ನವೀರಯ್ಯನವರು. "ಕೆಲ್ಸ ಮುಂದುವರಿಸಮ್ಮ. ಇನ್ನು ಉಳಿದಿರೋದು ಹದಿನೈದೇ ದಿನ."

"ಮೇಷ್ಟ್ರೇ, ಪತ್ರ ಸಮಿತಿಯಲ್ಲಿ ಓದಿದ್ರಾ?" ಎಂದು ತ್ರಿವೇಣಿ ಕೇಳಿದಳು.

"ಓದ್ಲೇಬೇಕಿತ್ತಲ್ಲಮ್ಮ."

"ಹಂಗಾದ್ರೆ ಇಪ್ಪತ್ತೆರಡು ಶಾಲೆಯವರಿಗೂ ನನ್ನ ಹೆಸರು ಗೊತ್ತಾಗಿದೆ. ಇನ್ನೊಂದು ಪತ್ರ ಓದ್ಬೇಕು. ಅಲ್ಲೀವರ್ಗೂ ನಾನು ಕೂತ್ಕೊಳ್ಳಲ್ಲ."

ಜಹೀರ್ ಅಹಮದರಿಗೆ ಆ ಪತ್ರದ ಬೆಲೆ ಚೆನ್ನಾಗಿ ಗೊತ್ತಿತ್ತು. ತನ್ನ ರೂಟರನ್ನು ತಾನೇ ಓದಲಾರದವನ ಕೈಯಲ್ಲಿ ಪ್ರಶ್ನೆಪತ್ರಿಕೆ ಯಾಕೆ ಕೊಡಬೇಕೆಂದು ಮುಂದಿನ ವರ್ಷ ಯಾವನಾದರೂ ಕೇಳಿಯೇ ಕೇಳುತ್ತಾನೆ. ಅವರು ಪ್ರೆಸ್ಸಿನ ಹೆಸರಿದ್ದ ಹಾಳೆ ತೆಗೆದು ನಾಲ್ಕು ಸಾಲು ಬರೆದರು: ಪತ್ರಿಕೆ ಸೋರಿಲ್ಲ, ಗಂಟೆಯನ್ನು ತಪ್ಪಾಗಿ ಓದಿದವನು ನಾನು, ತ್ರಿವೇಣಿ ಹೇಳಿದ್ದು ನಿಜ. ಸಹಿ ಹಾಕಿ ಅವಳ ಕೈಗೇ ಕೊಟ್ಟರು. ಅವಳು ಎರಡು ಸಲ ಓದಿ ಚನ್ನವೀರಯ್ಯನವರಿಗೆ ದಾಟಿಸಿದಳು.

"ಇನ್ನೊಂದು, ಸಾರ್. ಪಾಸ್‌ವರ್ಡ್ ಬದಲಾಯಿಸ್ಬೇಕು. ನಾನೇ ಹಾಕ್ತೀನಿ. ಅದು ನನಗೊಬ್ಬಳಿಗೇ ಗೊತ್ತಿರ್ಬೇಕು. ನಾಳೆ ಮತ್ತೆ ಏನಾದ್ರೂ ಆದ್ರೆ ಆಗ ನನ್ನ ಕೇಳಿ."

"ನನಗೂ ಹೇಳಲ್ವಾ?"

"ನಿಮಗೂ."

ಹಚ್ಚಿದಾಗಲೆಲ್ಲ ಇಂಟರ್‌ನೆಟ್‌ನಿಂದ ತಾನೇ ಗಂಟೆ ಸರಿಮಾಡಿಕೊಳ್ಳುವಂತೆ ಅಂಜನ್ ರೂಟರನ್ನು ಸಜ್ಜುಮಾಡಿ, ಪಾಸ್‌ವರ್ಡಿನ ಪುಟ ತೆರೆದು ಎದ್ದ. ತ್ರಿವೇಣಿ ಕುರ್ಚಿಯಲ್ಲಿ ಕೂತು ಎಡಗೈಯನ್ನು ಕೀಲಿಮಣೆಗೆ ಮರೆ ಹಿಡಿದು ಜಹೀರ್ ಅಹಮದರ ಕಡೆ ನೋಡಿದಳು.

ಜಹೀರ್ ಅಹಮದರು ಸೊಂಟದ ಕೀಲಿಯನ್ನೊಮ್ಮೆ ಮುಟ್ಟಿ ನೋಡಿಕೊಂಡು, ಗೋಡೆಯ ಕಡೆ ತಿರುಗಿ ನಿಂತರು.