ಬಾಣಂತಿಗೆ ಯಾವ ಕೋಳಿ

ಅವ್ವ ಆ ಕೋಳಿಗಳನ್ನು ಎಷ್ಟು ದಿನ ಮಂಕರಿಯಡಿ ಮುಚ್ಚಿಟ್ಟಿದ್ದಳು ಎಂಬುದು ನನಗೆ ಖಚಿತವಿಲ್ಲ. ತಿಂಗಳಿಗೂ ಮೇಲೆ ಎಂದು ನನ್ನ ನೆನಪು. ಹದಿನೈದೇ ದಿನ ಎನ್ನುತ್ತಾಳೆ ತಂಗಿ. ಅವಳಾಗ ಹೆರಿಗೆಗೆಂದು ದೇವಸಮುದ್ರದ ನಮ್ಮ ಮನೆಗೆ ಬಂದಿದ್ದಳು, ಕೂಸಿನಿಂದಾಗಿ ನಿದ್ದೆಗೆಟ್ಟಿದ್ದಳು. ಅವಳ ಲೆಕ್ಕವನ್ನೂ ನಾನು ಪೂರ್ತಿ ನಂಬುವುದಿಲ್ಲ.

ತಪ್ಪು ನಡೆದದ್ದಂತೂ ನಿಜ. ಬಿತ್ತನೆಗೆಂದು ಹುಳದ ಔಷಧಿ ಹಚ್ಚಿದ ಶೇಂಗಾಬೀಜ ಒಂದಿಷ್ಟು ಉಳಿದಿತ್ತು. ಚೆಲ್ಲಲು ಅವ್ವನಿಗೆ ಮನಸ್ಸಾಗಲಿಲ್ಲ. ಮೂರು ನೀರಿನಲ್ಲಿ ತೊಳೆದು, ಒಣಗಿಸಿ, ದಿನಾ ಒಂದೊಂದು ಹಿಡಿ ಕೋಳಿಗಳಿಗೆ ಹಾಕಿದಳು. ಒಂದೂ ಸಾಯಲಿಲ್ಲ. ಚಳ್ಳಕೆರೆಯಿಂದ ನಾನು ಬಂದಾಗ ಬೀಜ ಖಾಲಿಯಾಗಿತ್ತು. ಬಾಣಂತಿಯ ಸಾರಿಗೆ ಮಸಾಲೆ ಹುರಿಯುತ್ತಾ ಅವಳೇ ಈ ಜಾಣತನವನ್ನು ಹೇಳಿಕೊಂಡಳು.

ನಾನು ರಸಾಯನಶಾಸ್ತ್ರ ಓದಿದವನು. ದಿನವೂ ಚೂರುಚೂರು ತಿಂದ ವಿಷ ಕೋಳಿಯ ಕೊಬ್ಬಿನಲ್ಲಿ ಕೂಡುತ್ತಾ ಹೋಗುತ್ತದೆ, ಸಾರಿನ ಮೇಲೆ ತೇಲುವ ಜಿಡ್ಡಿನ ಜೊತೆ ತಂಗಿಗೆ, ಅವಳ ಹಾಲಿನಿಂದ ಕೂಸಿಗೆ ಹೋಗಬಹುದು ಎಂದೆ. ಅವ್ವ ಒಲೆ ಆರಿಸಿದಳು. ಅಂಗಡಿಯಿಂದ ಕೋಳಿ ತರುತ್ತೇನೆ ಎಂದಾಗ ಮಾತ್ರ ತಿರುಗಿಬಿದ್ದಳು.

“ಅಂಗಡಿ ಕೋಳಿ ಏನ್ ತಿಂದೈತೆ ಅಂತ ನಿಂಗೊತ್ತೇನ್ಲೇ? ನನ್ ಕೋಳಿ ತಿಂದಿದ್ದು ನಂಗೊತ್ತೈತೆ.”

ಕೋಳಿಗಳ ಮೈಯಿಂದ ವಿಷ ಇಳಿಯುವವರೆಗೆ ಕಾಯುವುದೆಂದಾಯಿತು. ಬೀದಿಯಲ್ಲಿ ಕಂಡದ್ದೆಲ್ಲ ತಿನ್ನುವ ಕೋಳಿಯನ್ನು ಕೊಯ್ಯುವ ಮುಂಚೆ ನಾಲ್ಕು ದಿನ ಮುಚ್ಚಿಟ್ಟು ಬರೀ ಸಜ್ಜೆ, ನೀರು ಕೊಡುವುದು ಅವಳ ರೂಢಿ. ಈ ಸಲ ಅದನ್ನೇ ಉದ್ದ ಮಾಡಿದಳು. ಒಂದು ಹೇಂಟೆ, ಒಂದು ಹುಂಜ. ಹೇಂಟೆಯ ಮೊಟ್ಟೆಗಳನ್ನು ನಾನೇ ಒಯ್ದು ಹೂಳುತ್ತಿದ್ದೆ. ಪ್ರತಿ ಸಲವೂ ಅವ್ವ ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಕೊನೆಗೆ ಯಾವುದನ್ನು ಕೊಯ್ಯುವುದೆಂದು ವಾದ. ಮೊಟ್ಟೆಗೇ ವಿಷ ಇಳಿದಿದ್ದರೆ ಹೇಂಟೆಯ ಮೈಯಲ್ಲಿ ಇನ್ನೆಷ್ಟಿರಬೇಕು, ಹುಂಜವೇ ವಾಸಿ ಎಂದೆ.

“ಅದು ಮೊಟ್ಟ್ಯಾಗೆ ಹೊರಗ್ ಹಾಕ್ಕೊಂಡ್ ಬಂದೈತೆ. ಹುಂಜ ಎಲ್ಲಿಂದ ಹಾಕ್ತೈತೆ, ನೀನೇ ಹೇಳಪ್ಪ ಓದಿದೋನು,” ಎಂದಳು ಅವ್ವ.

ಒಳಗಿನಿಂದ ತಂಗಿ ನಕ್ಕಳು, ಕೂಸು ಎದ್ದು ಅತ್ತಿತು. ಅತ್ತದ್ದು ಬೇರೆ ದಿನವೂ ಇರಬಹುದು. ಹೇಂಟೆಯ ಸಾರೇ ಆಯಿತು. ಅವ್ವ ಕೊಬ್ಬನ್ನೆಲ್ಲ ಕಿತ್ತು ಬಿಸಾಡಿದ್ದಳು. ತಂಗಿಗೆ ಬಡಿಸುವ ಮುಂಚೆ ತಾನೊಂದು ಬಟ್ಟಲು ಕುಡಿದಳು. ಕೂಸಿಗೆ ಏನೂ ಆಗಲಿಲ್ಲ, ಆದರೆ ಅದರಿಂದ ಏನೂ ಸಾಬೀತಾಗುವುದಿಲ್ಲ.

ಆಮೇಲೆ ಪಶುವೈದ್ಯ ಗೆಳೆಯನೊಬ್ಬನನ್ನು ಕೇಳಿ, ಅವನು ಕೊಟ್ಟ ಪುಸ್ತಕವನ್ನೂ ಓದಿ, ಇಷ್ಟನ್ನು ಖಚಿತಪಡಿಸಿಕೊಂಡೆ: ಕೊಬ್ಬಿನಲ್ಲಿ ಕೂರುವ ಕೀಟನಾಶಕದ ಒಂದು ಪಾಲು ಮೊಟ್ಟೆಯ ಹಳದಿಯ ಜೊತೆ ಹೊರಬೀಳುತ್ತದೆ, ಹಾಗಾಗಿ ಮೊಟ್ಟೆಯಿಡುವ ಹೇಂಟೆಯ ಮೈ ಹುಂಜದ ಮೈಗಿಂತ ಬೇಗ ತಿಳಿಯಾಗುತ್ತದೆ.